ಫುಟ್‌ಬಾಲ್‌ನಲ್ಲಿ ಪಾಸಿಂಗ್‌ಗೆ ಅಂಕ ಕೊಡುವಾಗ ಯಾವುದಕ್ಕೆ ಎಷ್ಟು ವೇಯ್ಟೇಜ್ ಇಡಬೇಕು?

ಆಟಗಾರರ ಪಾಸಿಂಗ್ ಅಳೆಯಲು ನೀವು ಇಟ್ಟಿರುವ ಅಂಕಗಳು ಇವು: ಸರಿಯಾದ ಪಾಸ್‌ಗೆ 1, ಕೀ ಪಾಸ್‌ಗೆ (ಅಂದರೆ ಶಾಟ್ ಹೊಡೆಯಲು ದಾರಿ ಮಾಡಿಕೊಟ್ಟ ಪಾಸ್‌ಗೆ) 3, ಅಸಿಸ್ಟ್‌ಗೆ (ಗೋಲ್ ಮಾಡಿಸಿಕೊಟ್ಟ ಪಾಸ್‌ಗೆ) 5, ತಪ್ಪಿದ ಪಾಸ್‌ಗೆ ಮೈನಸ್ 1. ಪುಣೆಯ ನಿಮ್ಮ ಕಾಲೇಜ್ ತಂಡಕ್ಕೆ ಮಾಡಿಕೊಂಡ ಈ ಲೆಕ್ಕ ನೋಡಿದ ಕೂಡಲೇ ನನ್ನ ಹಳೇ ಎಕ್ಸೆಲ್ ಶೀಟ್ ನೆನಪಾಯಿತು. ಹೆಚ್ಚುಕಡಿಮೆ ಇದೇ ಅಂಕಗಳು. ಕೀ ಪಾಸ್‌ಗೆ 3 ಸಾಕಾ, 4 ಬೇಕಾ ಎಂದು ಕೇಳಿದ್ದೀರಿ. ಎರಡೂ ಬೇಡ. ಅಂಕವನ್ನು ನೀವು ಕೂತು ಆರಿಸುವುದೇ ತಪ್ಪು. ಅದರಲ್ಲೂ ಆ ಮೈನಸ್ 1 ಇದೆಯಲ್ಲ, ಅದು ತಂಡವನ್ನೇ ಕೆಡಿಸುತ್ತದೆ.

ನಾನು ಗೋವಾದ ವಾಸ್ಕೋದವನು. ಇಲ್ಲಿ ಬೈನಾ ಕಡೆ ಕನ್ನಡದವರ ಮನೆಗಳು ಬಹಳ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲೇ ಹುಟ್ಟಿ, ಗೆಳೆಯರ ಜೊತೆ ಕೊಂಕಣಿ ಮಾತಾಡುತ್ತಾ, ಚೆಂಡು ಒದೆಯುತ್ತಾ ಬೆಳೆದಿದ್ದಾರೆ. ಅಂಥ ಹುಡುಗರು ಜಾಸ್ತಿ ಇದ್ದ ಒಂದು ಸಣ್ಣ ಕ್ಲಬ್‌ನ ಜೂನಿಯರ್ ತಂಡಕ್ಕೆ ನಾನು ಲೆಕ್ಕ ಬರೆಯುತ್ತಿದ್ದೆ. ಮ್ಯಾಚನ್ನು ಮೊಬೈಲ್‌ನಲ್ಲಿ ಹಿಡಿದು, ರಾತ್ರಿ ಕೂತು ಒಂದೊಂದೇ ಪಾಸ್ ಎಣಿಸುವ ಕೆಲಸ. ಆಗ ಎಫ್‌ಸಿ ಗೋವಾಕ್ಕೆ ಸೆರ್ಜಿಯೊ ಲೊಬೆರಾ ಕೋಚ್. ಫತೋರ್ಡಾ ಸ್ಟೇಡಿಯಂನಲ್ಲಿ ಅಹ್ಮದ್ ಜಾಹೂ, ಬ್ರೆಂಡನ್ ಫೆರ್ನಾಂಡಿಸ್ ಆಡುವುದನ್ನು ನೋಡಿ ನಮಗೆಲ್ಲ ಪಾಸಿಂಗ್ ಹುಚ್ಚು ಹಿಡಿದಿತ್ತು. 2019-20ರ ಇಂಡಿಯನ್ ಸೂಪರ್ ಲೀಗ್ ಪಟ್ಟಿಯಲ್ಲಿ ಮೊದಲು ಬಂದು, ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಅದೇ ಅಲ್ವಾ.

ನಮ್ಮ ತಂಡದಲ್ಲಿ ಒಬ್ಬ ಮಿಡ್‌ಫೀಲ್ಡರ್ ಇದ್ದ. ಅಪ್ಪ ಗೌಂಡಿ ಕೆಲಸದವರು. ಇಬ್ಬರು ಡಿಫೆಂಡರ್‌ಗಳ ನಡುವಿನ ಸಂದು ಇವನಿಗೆ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು. ಆದರೆ ನನ್ನ ಶೀಟ್‌ನಲ್ಲಿ ಅವನು ಯಾವಾಗಲೂ ಕೆಳಗೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ನಿಮ್ಮ ಶೀಟ್‌ನಲ್ಲೂ ಇದೇ ಆಗುತ್ತಿರುತ್ತದೆ. ಒಬ್ಬ ಸ್ಟಾಪರ್, ಅಂದರೆ ನಡುವೆ ನಿಲ್ಲುವ ಡಿಫೆಂಡರ್, 50 ಪಾಸ್ ಕೊಟ್ಟ, 46 ಸರಿ, 4 ತಪ್ಪು ಅಂದುಕೊಳ್ಳಿ. ಎಲ್ಲ ಪಕ್ಕದವನಿಗೆ, ಗೋಲ್‌ಕೀಪರ್‌ಗೆ. ಅವನಿಗೆ 42 ಅಂಕ. ಈ ಹುಡುಗ 28 ಕೊಟ್ಟ, 18 ಸರಿ, 10 ತಪ್ಪು. ಸರಿಯಾದುದರಲ್ಲಿ 3 ಕೀ ಪಾಸ್, ಅದರಲ್ಲಿ ಒಂದು ಅಸಿಸ್ಟ್. ಲೆಕ್ಕ ಮಾಡಿ: 18ರಿಂದ 10 ಕಳೆದು 8, ಕೀ ಪಾಸ್‌ಗೆ 9, ಅಸಿಸ್ಟ್‌ಗೆ 5. ಒಟ್ಟು 22. ಗೋಲ್ ಮಾಡಿಸಿಕೊಟ್ಟವನಿಗೆ, ಚೆಂಡನ್ನು ಅತ್ತಿತ್ತ ತಳ್ಳಿದವನ ಅರ್ಧದಷ್ಟೇ ಅಂಕ. ಇದರಲ್ಲಿ ಇನ್ನೊಂದು ಎಡವಟ್ಟೂ ಇದೆ. ಆ ಅಸಿಸ್ಟ್ ಒಂದೇ ಪಾಸ್. ಆದರೆ ಅದಕ್ಕೆ ಸರಿಯಾದ ಪಾಸ್ ಅಂತ 1, ಕೀ ಪಾಸ್ ಅಂತ 3, ಅಸಿಸ್ಟ್ ಅಂತ 5, ಹೀಗೆ ಮೂರು ಸಲ ಅಂಕ ಬಿತ್ತು. ಫಾರ್ವರ್ಡ್ ಅದೇ ಚೆಂಡನ್ನು ಹೊರಗೆ ಹೊಡೆದಿದ್ದರೆ 5 ಹೋಗುತ್ತಿತ್ತು. ಪಾಸ್ ಕೊಟ್ಟವನು ಮಾಡಿದ ಕೆಲಸದಲ್ಲಿ ಏನು ಫರಕಾಯಿತು?

ಆದರೂ ಇದು ಬರೀ ಲೆಕ್ಕದ ತಪ್ಪು, ತಿದ್ದಬಹುದಿತ್ತು. ತಿದ್ದಲಾಗದ್ದು ಮುಂದಿನದು. ಆ ಶೀಟನ್ನು ನಾನು ಪ್ರತಿ ವಾರ ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೋಚ್ ಅದನ್ನೇ ನೋಡಿ ತಂಡ ಆರಿಸತೊಡಗಿದರು. ಸ್ವಲ್ಪ ದಿನದಲ್ಲೇ ಎಲ್ಲರ ಅಂಕ ಏರಿತು, ಪಾಸ್ ಶೇಕಡಾವಾರು ಏರಿತು. ನಾನು ಖುಷಿಪಟ್ಟೆ. ಆದರೆ ನಮ್ಮ ಶಾಟ್‌ಗಳು ಕಡಿಮೆಯಾಗುತ್ತಿದ್ದವು, ಗೋಲ್ ನಿಂತೇಹೋಯಿತು. ಒಂದು ಮ್ಯಾಚ್‌ನಲ್ಲಿ ನಮ್ಮ ಸ್ಟ್ರೈಕರ್ ಖಾಲಿ ಜಾಗಕ್ಕೆ ಓಡಿದ, ಈ ಹುಡುಗ ನೋಡಿದ, ತಿರುಗಿ ಹಿಂದಕ್ಕೆ ಕೊಟ್ಟ. ಆಮೇಲೆ ಕೇಳಿದೆ. "ಅಣ್ಣಾ, ಮುಂದ ಕೊಟ್ಟು ಹೋದ್ರ ಮೈನಸ್ ಬೀಳತದಲ್ರೀ" ಅಂದ. ಅವನ ಮಾತು ನೂರಕ್ಕೆ ನೂರು ಸರಿ. ಆಡುವುದು ಹೇಗೆ ಅಂತ ನನ್ನ ಸೂತ್ರವೇ ಅವನಿಗೆ ಕಲಿಸಿತ್ತು. ಅಂಕವೂ ಕಡಿಮೆ, ಈಗ ಆಟವೂ ಹೋಯಿತು ಅಂತ ಕೋಚ್ ಅವನನ್ನು ಬೆಂಚಿಗೆ ಕೂರಿಸಿದರು. ಅವನು ಬರುವುದನ್ನೇ ಬಿಟ್ಟ. ಮನೆಗೆ ಹೋಗಿ ಕರೆದೆ, ಮತ್ತೆ ಬರಲಿಲ್ಲ.

ಅಂಕಿ ಎಣಿಸುವವರು ಆಟವನ್ನೇ ತಿರುಗಿಸಿದ್ದು ದೊಡ್ಡ ಮಟ್ಟದಲ್ಲೂ ಆಗಿದೆ. ಇಂಗ್ಲೆಂಡಿನ ಚಾರ್ಲ್ಸ್ ರೀಪ್ 1950ರಲ್ಲಿ ಸ್ವಿಂಡನ್ ತಂಡದ ಒಂದು ಮ್ಯಾಚ್‌ನಿಂದ ಶುರುಮಾಡಿ ವರ್ಷಗಟ್ಟಲೆ ಪೆನ್ಸಿಲ್ ಹಿಡಿದು ಪಾಸ್ ಎಣಿಸಿದರು. ಹೆಚ್ಚಿನ ಗೋಲ್ ಮೂರು ಅಥವಾ ಅದಕ್ಕೂ ಕಡಿಮೆ ಪಾಸ್‌ಗಳಲ್ಲಿ ಬರುತ್ತದೆ, ಹಾಗಾಗಿ ಉದ್ದಕ್ಕೆ ಹೊಡೆಯಿರಿ ಅಂದರು. ಆದರೆ ಫುಟ್‌ಬಾಲ್‌ನಲ್ಲಿ ಹೆಚ್ಚಿನ ದಾಳಿಗಳು ಮೂರು ಪಾಸ್‌ನೊಳಗೇ ಮುಗಿಯುತ್ತವೆ. ಗೋಲೂ ಅಲ್ಲೇ ಜಾಸ್ತಿ ಕಾಣುವುದು ಸಹಜ. 2005ರಲ್ಲಿ ಸಂಶೋಧಕರಾದ ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ವಿಶ್ವಕಪ್ ಮ್ಯಾಚ್‌ಗಳನ್ನು ಹಿಡಿದು ಇದನ್ನು ತಿದ್ದಿ ತೋರಿಸಿದರು. ಎಷ್ಟು ಅಂತ ಎಣಿಸಿದರೆ ಸಾಲದು, ಎಷ್ಟರಲ್ಲಿ ಎಷ್ಟು ಅಂತ ನೋಡಬೇಕು. ಇನ್ನೊಂದು ತುದಿಯಲ್ಲಿ ಸ್ಪೇನ್ ಇದೆ. 2018ರಲ್ಲಿ ರಷ್ಯಾ ಎದುರು, 2022ರಲ್ಲಿ ಮೊರಾಕೊ ಎದುರು, ಎರಡೂ ಸಲ 1000ಕ್ಕೂ ಹೆಚ್ಚು ಪಾಸ್ ಆಡಿ ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಯಿತು. ನಿಮ್ಮ ಸೂತ್ರ ಹಾಕಿ ನೋಡಿ, ಆ ಸ್ಪೇನಿಗೆ ರಾಶಿ ರಾಶಿ ಅಂಕ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಪಾಸ್‌ನ ಹೆಸರಿಗೆ ಅಂಕ ಕೊಡಬೇಡಿ. ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಕೊಡಿ. 2011ರಲ್ಲಿ ಫುಟ್‌ಬಾಲ್ ಅಂಕಿ-ಅಂಶ ನೋಡುವ ಸಾರಾ ರಡ್ ಈ ದಾರಿ ತೋರಿಸಿದರು. ಆಮೇಲೆ ಅದೇ ಕೆಲಸದ ಕರುಣ್ ಸಿಂಗ್ ಮೈದಾನವನ್ನು 192 ಚೌಕ ಮಾಡಿ, ಚೆಂಡು ಅಲ್ಲಿದ್ದರೆ ಗೋಲ್ ಆಗುವ ಸಾಧ್ಯತೆ ಎಷ್ಟು ಅಂತ ಒಂದೊಂದಕ್ಕೂ ಬೆಲೆ ಕಟ್ಟಿದರು. ಅದಕ್ಕೆ ಎಕ್ಸ್‌ಪೆಕ್ಟೆಡ್ ಥ್ರೆಟ್ ಅನ್ನುತ್ತಾರೆ. ನಿಮಗೆ ಅಷ್ಟು ಬೇಡ. ಉದ್ದಕ್ಕೆ 6, ಅಗಲಕ್ಕೆ 3, ಒಟ್ಟು 18 ಚೌಕ ಸಾಕು. ನಿಮ್ಮದೇ ಹಳೇ ವಿಡಿಯೋ ನೋಡಿ, ಒಂದೊಂದು ಚೌಕದಲ್ಲಿ ಚೆಂಡು ಸಿಕ್ಕಾಗ ಆ ದಾಳಿ ನೂರರಲ್ಲಿ ಎಷ್ಟು ಸಲ ಶಾಟ್‌ವರೆಗೆ ಹೋಯಿತು ಅಂತ ಬರೆಯಿರಿ. ಅದೇ ಆ ಚೌಕದ ಬೆಲೆ.

ಉದಾಹರಣೆಗೆ ನಡು ಮೈದಾನದ ಬೆಲೆ 4, ಎದುರಾಳಿ ಬಾಕ್ಸ್ ಮುಂದಿನ ಚೌಕದ್ದು 15 ಅಂತಿಟ್ಟುಕೊಳ್ಳಿ. ಆ ಪಾಸ್ ಸರಿಹೋದರೆ 11 ಲಾಭ. ತಪ್ಪಿದರೆ ನಮ್ಮ 4 ಹೋಯಿತು. ಜೊತೆಗೆ ಎದುರಾಳಿಗೆ ಚೆಂಡು ಸಿಕ್ಕಿತು, ಆದರೆ ಅವರ ಗೋಲ್ ಹತ್ತಿರ, ಅಲ್ಲಿ ಅವರಿಗೆ ಅದರ ಬೆಲೆ 1 ಮಾತ್ರ. ಒಟ್ಟು 5 ನಷ್ಟ. ಹತ್ತರಲ್ಲಿ ನಾಲ್ಕೇ ಸರಿಹೋದರೂ 44 ಲಾಭ, 30 ನಷ್ಟ, 14 ಕೈಯಲ್ಲಿ ಉಳಿಯಿತು. ನಿಮ್ಮ ಸೂತ್ರದಲ್ಲಿ, ಫಾರ್ವರ್ಡ್ ಶಾಟ್ ಹೊಡೆಯದೇ ಹೋದರೆ, ಪಾಸ್ ಕೊಟ್ಟವನಿಗೆ ಸಿಗುವುದು 4ರಿಂದ 6 ಕಳೆದು ಮೈನಸ್ 2. ಅದೇ ನಮ್ಮ ಬಾಕ್ಸ್ ಮುಂದೆ ಸ್ಟಾಪರ್ ಒಂದು ಅಡ್ಡ ಪಾಸ್ ಕಳೆದುಕೊಂಡರೆ ನಮ್ಮ 1 ಹೋಗಿ ಅವರಿಗೆ 15 ಸಿಗುತ್ತದೆ, 16 ನಷ್ಟ. ಈ ಎರಡು ತಪ್ಪುಗಳಿಗೂ ಒಂದೇ ಮೈನಸ್ 1 ಹಾಕುವುದು ಅನ್ಯಾಯ.

ಸ್ಟಾಪರನ್ನು ಸ್ಟಾಪರ್ ಜೊತೆ, ವಿಂಗರನ್ನು ವಿಂಗರ್ ಜೊತೆ ಮಾತ್ರ ಹೋಲಿಸಿ, 90 ನಿಮಿಷಕ್ಕೆ ಇಷ್ಟು ಅಂತ. ಮಳೆಗಾಲದ ಮ್ಯಾಚ್‌ಗಳನ್ನು ಬೇರೆ ಇಡಿ, ಕೆಸರಲ್ಲಿ ನೆಲಪಾಸ್ ಅರ್ಧಕ್ಕೇ ನಿಲ್ಲುತ್ತದೆ, ಅದು ಹುಡುಗನ ತಪ್ಪಲ್ಲ. ಲೆಕ್ಕ ಕಲಿಯಲು ಫುಟ್‌ಬಾಲ್ ಅಂಕಿ-ಅಂಶ ಕಂಪನಿ ಸ್ಟ್ಯಾಟ್ಸ್‌ಬಾಂಬ್‌ನವರು ಉಚಿತವಾಗಿ ಕೊಟ್ಟಿರುವ ವಿಶ್ವಕಪ್ ಡೇಟಾ ಒಳ್ಳೆಯದು. ಆದರೆ ಅಲ್ಲಿನ ಬೆಲೆಗಳನ್ನು ನಿಮ್ಮ ಹುಡುಗರ ಮೇಲೆ ಹೇರಬೇಡಿ.

ಮತ್ತೆ ಇದು ದಯವಿಟ್ಟು ಕೇಳಿ: ಈಗಿನ ಶೀಟನ್ನು ನೀವೂ ಹುಡುಗರ ಗ್ರೂಪಿಗೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಚೌಕಗಳ ಲೆಕ್ಕ ಮುಗಿದ ಮೇಲೂ ಒಟ್ಟು ಅಂಕವನ್ನು ಹುಡುಗರಿಗೆ ತೋರಿಸಬೇಡಿ, ತಂಡ ಆರಿಸುವವರ ಕೈಗೂ ಬರೀ ಅಂಕ ಕೊಡಬೇಡಿ. ಯಾವ ಪಾಸ್‌ನಿಂದ ಲಾಭವಾಯಿತು, ಯಾವುದರಿಂದ ನಷ್ಟವಾಯಿತು ಅಂತ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋದಲ್ಲಿ ತೋರಿಸಿ.