ಓದುಗರ ಪ್ರಶ್ನೆ: ಕಂಪನಿಯ ನೆಟ್‌ವರ್ಕ್‌ ಮೇಲೆ ಕಣ್ಣಿಡಲು ಯಾವ ಸಾಫ್ಟ್‌ವೇರ್‌?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ವಾಹನ ಬಿಡಿಭಾಗಗಳ ಸಗಟು ವ್ಯಾಪಾರ. ಗದಗ ಮತ್ತು ದಾವಣಗೆರೆಯಲ್ಲಿ ಗೋಡೌನ್‌ ಇವೆ. ಸ್ವಿಚ್‌, ರೂಟರ್‌, ಸರ್ವರ್‌, ಕ್ಯಾಮೆರಾ ರೆಕಾರ್ಡರ್‌ ಎಲ್ಲ ಸೇರಿ ಸುಮಾರು 40 ಸಾಧನ. ಬಿಲ್ಲಿಂಗ್‌ ನಿಧಾನ ಆದಾಗ ಇಂಟರ್‌ನೆಟ್‌ ಕಂಪನಿಯವರು ‘ತೊಂದರೆ ನಿಮ್ಮ ಆಫೀಸ್‌ ಒಳಗೇ ಇದೆ’ ಅಂತಾರೆ, ನಮ್ಮ ಐಟಿ ಹುಡುಗ ‘ಲೈನ್‌ ಸರಿ ಇಲ್ಲ’ ಅಂತಾನೆ. ಪಿಆರ್‌ಟಿಜಿ, ಜ್ಯಾಬಿಕ್ಸ್‌, ಆಪ್‌ಮ್ಯಾನೇಜರ್‌, ಮೂರರಲ್ಲಿ ಯಾವುದು ಹಾಕಲಿ?

ಉತ್ತರ: ಲಿನಕ್ಸ್‌ ಬಲ್ಲವರು ಒಬ್ಬರಾದರೂ ನಿಮ್ಮಲ್ಲಿದ್ದರೆ ಜ್ಯಾಬಿಕ್ಸ್‌. ಇಲ್ಲದಿದ್ದರೆ ಪಿಆರ್‌ಟಿಜಿಯ ಉಚಿತ ಆವೃತ್ತಿಯಿಂದ ಶುರು ಮಾಡಿ.

ಡೆಮೊ ತೋರಿಸುವಾಗ ಮೂರೂ ಚೆಂದವೇ ಕಾಣುತ್ತವೆ. ನೀವು ಕೇಳಬೇಕಾದದ್ದು ಲೈಸೆನ್ಸ್‌ ಏನನ್ನು ಎಣಿಸುತ್ತದೆ ಎಂದು. ಜರ್ಮನಿಯ ಪೇಸ್ಲರ್‌ ಕಂಪನಿಯ ಪಿಆರ್‌ಟಿಜಿ ಸೆನ್ಸರ್‌ಗಳನ್ನು ಎಣಿಸುತ್ತದೆ, 100ರವರೆಗೆ ಉಚಿತ. ಆದರೆ ಸೆನ್ಸರ್‌ ಅಂದರೆ ಒಂದು ಸಾಧನ ಅಲ್ಲ, ಒಂದು ಅಳತೆ. ಸ್ವಿಚ್‌ಗೆ ಪಿಂಗ್‌ ಮಾಡುವುದು (ಇದ್ದೀಯಾ ಎಂದು ಕೇಳಿ ಉತ್ತರ ಬರುತ್ತದೆಯೇ ನೋಡುವುದು) ಒಂದು ಸೆನ್ಸರ್‌, ಅದರ ಒಂದೊಂದು ಪೋರ್ಟ್‌ ನೋಡುವುದಕ್ಕೆ ಒಂದೊಂದು. 24 ಪೋರ್ಟ್‌ನ ನಾಲ್ಕು ಸ್ವಿಚ್‌ಗಳ ಎಲ್ಲ ಪೋರ್ಟ್‌ ಹಾಕಿದರೆ 96 ಅಲ್ಲೇ ಮುಗಿಯುತ್ತದೆ. ಎಲ್ಲ ಸಾಧನಕ್ಕೂ ಪಿಂಗ್‌, ಮುಖ್ಯ ಲಿಂಕ್‌ಗಳ ಟ್ರಾಫಿಕ್‌, ಸರ್ವರ್‌ ಡಿಸ್ಕ್‌, ಇಷ್ಟೇ ಇಟ್ಟುಕೊಂಡರೆ ನಿಮಗೆ 100 ಸಾಕು. ಚೆನ್ನೈನ ಜೋಹೋ ಕಂಪನಿಯ ಆಪ್‌ಮ್ಯಾನೇಜರ್‌ ಸಾಧನ ಎಣಿಸುತ್ತದೆ, ಪೋರ್ಟ್‌ಗಳನ್ನಲ್ಲ. ಲೆಕ್ಕ ಸುಲಭ, ಆದರೆ ಉಚಿತ ಆವೃತ್ತಿ 3 ಸಾಧನಕ್ಕೆ ಮಾತ್ರ, ಹಾಗಾಗಿ ಮೊದಲ ದಿನವೇ ದುಡ್ಡು ಕಟ್ಟಬೇಕು. ಲಾಟ್ವಿಯಾದ ಜ್ಯಾಬಿಕ್ಸ್‌ ಏನನ್ನೂ ಎಣಿಸುವುದಿಲ್ಲ. ಪೂರ್ತಿ ಓಪನ್‌ ಸೋರ್ಸ್‌, ಸಪೋರ್ಟ್‌ ಬೇಕಾದವರು ಮಾತ್ರ ಹಣ ಕೊಡುತ್ತಾರೆ. ಬದಲಿಗೆ ಲಿನಕ್ಸ್‌ ಸರ್ವರ್‌, ಡೇಟಾಬೇಸ್‌ ಎರಡನ್ನೂ ನೀವೇ ನೋಡಿಕೊಳ್ಳಬೇಕು, ಅಲರ್ಟ್‌ಗಳನ್ನು ಹದಕ್ಕೆ ತರಲು ತಾಳ್ಮೆಯೂ ಬೇಕು.

ನಿಮಗೆ ಜ್ಯಾಬಿಕ್ಸ್‌ ಹೇಳಲು ಇನ್ನೊಂದು ಕಾರಣ ಆ ಗೋಡೌನ್‌ಗಳು. ಅಲ್ಲಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಜ್ಯಾಬಿಕ್ಸ್‌ ಪ್ರಾಕ್ಸಿ ಇಟ್ಟರೆ, ಲಿಂಕ್‌ ಹೋದಾಗಲೂ ಅದು ಮಾಹಿತಿ ಕೂಡಿಟ್ಟುಕೊಂಡು, ಲಿಂಕ್‌ ಬಂದ ಮೇಲೆ ಹುಬ್ಬಳ್ಳಿಗೆ ಕಳಿಸುತ್ತದೆ. ಆಗ ಹೋದದ್ದು ಲಿಂಕೋ ಅಥವಾ ಗೋಡೌನ್‌ ಒಳಗಿನ ಸ್ವಿಚ್ಚೋ ಅಂತ ಆಮೇಲೆ ನೋಡಿ ಹೇಳಬಹುದು.

ಇನ್ನು ನಿಮ್ಮ ಜಗಳ. ಇದನ್ನು ಮೂರರಲ್ಲಿ ಯಾವ ಸಾಫ್ಟ್‌ವೇರ್‌ ಆದರೂ ಬಗೆಹರಿಸುತ್ತದೆ. ಮೂರು ಕಡೆ ಪಿಂಗ್‌ ಇಡಿ: ನಿಮ್ಮದೇ ರೂಟರ್‌, ಇಂಟರ್‌ನೆಟ್‌ ಕಂಪನಿಯ ಗೇಟ್‌ವೇ (ನಿಮ್ಮ ಲೈನ್‌ ಹೋಗಿ ಸೇರುವ ಅವರ ರೂಟರ್‌), ಮತ್ತು ಹೊರಗಿನ ಒಂದು ವಿಳಾಸ, 8.8.8.8 ತರಹದ್ದು. ಜೊತೆಗೆ ಇಂಟರ್‌ನೆಟ್‌ ಪೋರ್ಟ್‌ನ ಟ್ರಾಫಿಕ್‌ ಗ್ರಾಫ್‌. ನಿಧಾನ ಆದ ಹೊತ್ತಿನಲ್ಲಿ ಗ್ರಾಫ್‌ ಮೇಲ್ಮಟ್ಟ ಮುಟ್ಟಿ ಅಲ್ಲೇ ನಿಂತಿದ್ದರೆ ಲೈನ್‌ ತುಂಬಿದೆ ಎಂದರ್ಥ. ಎಷ್ಟೋ ಸಲ ಕ್ಯಾಮೆರಾ ಅಥವಾ ಬ್ಯಾಕಪ್‌ ಹಗಲಲ್ಲೇ ಅಪ್‌ಲೋಡ್‌ ಆಗುತ್ತಿರುತ್ತದೆ. ಲೈನ್‌ ಖಾಲಿ ಇದ್ದೂ ಗೇಟ್‌ವೇ, ಹೊರಗಿನ ವಿಳಾಸ ಎರಡಕ್ಕೂ ಪ್ಯಾಕೆಟ್‌ (ಕಳಿಸಿದ ಡೇಟಾದ ತುಣುಕು) ಕಳೆದುಹೋಗುತ್ತಿದ್ದರೆ ಆ ಗ್ರಾಫನ್ನೇ ಅವರಿಗೆ ಕಳಿಸಿ. ಗೇಟ್‌ವೇ ಒಂದಕ್ಕೇ ನಷ್ಟ ಕಾಣುತ್ತಿದ್ದು ಹೊರಗಿನದು ಸರಿ ಇದ್ದರೆ ದೂರು ಕೊಡಬೇಡಿ, ಕೆಲವು ರೂಟರ್‌ಗಳು ತಮಗೇ ಬರುವ ಪಿಂಗ್‌ಗೆ ಉತ್ತರ ಕೊಡುವುದನ್ನು ಕೊನೆಗೆ ಇಟ್ಟುಕೊಂಡಿರುತ್ತವೆ.

ಎರಡು ಎಚ್ಚರಿಕೆ. ಕಡಿಮೆ ಬೆಲೆಯ ಅನ್‌ಮ್ಯಾನೇಜ್ಡ್‌ ಸ್ವಿಚ್‌ (ಸೆಟ್ಟಿಂಗ್‌ ಏನೂ ಇಲ್ಲದ್ದು) ಯಾವ ಸಾಫ್ಟ್‌ವೇರ್‌ಗೂ ಏನೂ ಹೇಳುವುದಿಲ್ಲ, ಮೊದಲು ಮುಖ್ಯ ಜಾಗದ ಸ್ವಿಚ್‌ ಬದಲಿಸಿ. ಹಾಗೆಯೇ ನೆಟ್‌ ಹೋಗಿದೆ ಅನ್ನುವ ಮೇಲ್‌ ಅದೇ ನೆಟ್‌ ಮೂಲಕ ಹೊರಗೆ ಹೋಗಲಾರದು ಅಲ್ವಾ? ಅಲರ್ಟ್‌ಗೆ ಒಂದು 4ಜಿ ಡಾಂಗಲ್‌ ಬೇರೆ ಇರಲಿ.

ಪ್ರಶ್ನೆ: ನಮ್ಮ 1 ಜಿಬಿಪಿಎಸ್‌ ಲಿಂಕ್‌ನಲ್ಲಿ ದೊಡ್ಡ ಫೈಲ್‌ ಕಳಿಸುವಾಗಲೂ ಗ್ರಾಫ್‌ ತೀರಾ ಕಡಿಮೆ ತೋರಿಸುತ್ತದೆ. ಸಾಫ್ಟ್‌ವೇರ್‌ ಬದಲಿಸಬೇಕೇ?

ಉತ್ತರ: ಬೇಡ. ಸಾಧನಗಳಿಂದ ಅಂಕಿಅಂಶ ಓದಲು ಈ ಸಾಫ್ಟ್‌ವೇರ್‌ಗಳು ಬಳಸುವ ವಿಧಾನ ಎಸ್‌ಎನ್‌ಎಂಪಿ, ನಿಮ್ಮದು ಅದರ ಮೊದಲ ಆವೃತ್ತಿಯಲ್ಲಿ ಓಡುತ್ತಿರಬೇಕು. ಎಷ್ಟು ಡೇಟಾ ಹೋಯಿತು ಎಂದು ಎಣಿಸುವ ಅದರ 32 ಬಿಟ್‌ ಕೌಂಟರ್‌ 1 ಜಿಬಿಪಿಎಸ್‌ ಪೂರ್ತಿ ಓಡಿದರೆ ಸುಮಾರು 34 ಸೆಕೆಂಡಿಗೇ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನೀವು 5 ನಿಮಿಷಕ್ಕೊಮ್ಮೆ ಓದಿದರೆ ಮಧ್ಯದ್ದೆಲ್ಲ ಮಾಯ. ಎಸ್‌ಎನ್‌ಎಂಪಿಯ ಹೊಸ ಆವೃತ್ತಿ ವಿ2ಸಿ ಅಥವಾ ವಿ3ಗೆ ಬದಲಿಸಿ, 64 ಬಿಟ್‌ ಕೌಂಟರ್‌ ಆರಿಸಿ.

ಪ್ರಶ್ನೆ: ನಮ್ಮದು ಮಂಗಳೂರಿನ ಸಹಕಾರಿ ಸಂಘ. ಉಚಿತ ಸಾಫ್ಟ್‌ವೇರ್‌ ಸುರಕ್ಷಿತವಲ್ಲ ಎಂದು ಆಡಳಿತ ಮಂಡಳಿ ಹೇಳುತ್ತಿದೆ. ನಿಜವೇ?

ಉತ್ತರ: ಉಚಿತವೋ ದುಡ್ಡಿನದೋ ಅನ್ನುವುದರಿಂದ ಅದು ತೀರ್ಮಾನ ಆಗುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಬಯಲಾದದ್ದು ಸೋಲಾರ್‌ವಿಂಡ್ಸ್‌ ಒರಾಯನ್‌ ಪ್ರಕರಣ. ಅದು ಹಣ ಕೊಟ್ಟು ತಗೊಳ್ಳುವ, ದೊಡ್ಡ ದೊಡ್ಡ ಸಂಸ್ಥೆಗಳು ನಂಬಿದ್ದ ಮಾನಿಟರಿಂಗ್‌ ಸಾಫ್ಟ್‌ವೇರ್‌. ದಾಳಿಕೋರರು ಕಂಪನಿಯ ಅಪ್‌ಡೇಟ್‌ನೊಳಗೇ ಕಳ್ಳದಾರಿ ಸೇರಿಸಿದ್ದರು, ಸುಮಾರು 18,000 ಗ್ರಾಹಕರು ಅದನ್ನು ಹಾಕಿಕೊಂಡಿರಬಹುದು ಎಂದು ಕಂಪನಿಯೇ ಹೇಳಿತು. ಮಾನಿಟರಿಂಗ್‌ ಸರ್ವರ್‌ಗೆ ನೆಟ್‌ವರ್ಕ್‌ನ ಎಲ್ಲ ಸಾಧನದ ಕೀಲಿ ಗೊತ್ತಿರುತ್ತದೆ, ಭಯ ಇರಬೇಕಾದದ್ದು ಅದಕ್ಕೆ. ಹಾಗಾಗಿ ಅದಕ್ಕೆ ಓದುವ ಅನುಮತಿ ಮಾತ್ರ ಕೊಡಿ. ‘ಪಬ್ಲಿಕ್‌’ ಎಂಬ ಹಳೇ ಪಾಸ್‌ವರ್ಡ್‌ ಬಿಟ್ಟು ಎಸ್‌ಎನ್‌ಎಂಪಿ ವಿ3 ಬಳಸಿ. ಲಾಗಿನ್‌ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಡಲೇಬೇಡಿ, ಹೊರಗಿನಿಂದ ನೋಡಬೇಕಿದ್ದರೆ ವಿಪಿಎನ್‌ ಮೂಲಕ ಬನ್ನಿ.

ಪ್ರಶ್ನೆ: ಮಾನಿಟರಿಂಗ್‌ ಸಾಫ್ಟ್‌ವೇರ್‌ ಹಾಕಿದರೆ, ಲಾಗ್‌ಗಳನ್ನು (ಸಾಧನಗಳು ಬರೆದಿಡುವ ಘಟನೆಗಳ ದಾಖಲೆ) 180 ದಿನ ಇಡಬೇಕೆಂದು ಸರ್ಕಾರ ಹೇಳಿದ ನಿಯಮವೂ ಪಾಲನೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್‌ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್‌ 2022ರ ಏಪ್ರಿಲ್‌ 28ರಂದು ಹೊರಡಿಸಿದ ನಿರ್ದೇಶನ ಕೇಳುವುದು ಲಾಗ್‌ಗಳನ್ನು, ಟ್ರಾಫಿಕ್‌ ಗ್ರಾಫ್‌ ಅದಕ್ಕೆ ಸಾಲುವುದಿಲ್ಲ. ಫೈರ್‌ವಾಲ್‌, ಸರ್ವರ್‌ಗಳ ಲಾಗ್‌ ಬಂದು ಸೇರಲು ಬೇರೆ ಸಿಸ್‌ಲಾಗ್‌ ಸರ್ವರ್‌ (ಲಾಗ್‌ ಸಂಗ್ರಹಿಸುವ ಸರ್ವರ್‌) ಇಡಿ, ಎಲ್ಲ ಸಾಧನಗಳ ಗಡಿಯಾರ ಎನ್‌ಟಿಪಿ (ನೆಟ್‌ವರ್ಕ್‌ ಮೂಲಕ ಸಮಯ ಸರಿಮಾಡುವ ವಿಧಾನ) ಮೂಲಕ ಹೊಂದಿಸಿ. ಡಿಸ್ಕ್‌ ತುಂಬುವ ಮೊದಲೇ ಅಲರ್ಟ್‌ ಕೊಡುವ ಕೆಲಸಕ್ಕೆ ಮಾತ್ರ ಮಾನಿಟರಿಂಗ್‌ ಸಾಫ್ಟ್‌ವೇರ್‌ ಬಳಸಿ.