ಪಾಲಿನೇಷ್ಯಾದ ಜನರಿಗೆ ಮಡಕೆ ಮಾಡೋದು ಗೊತ್ತೇ ಇರಲಿಲ್ಲವೇ?

ನೀವು ಕೇಳಿದ್ದು ಇಷ್ಟು: ಪೆಸಿಫಿಕ್‌ನಂಥ ದೊಡ್ಡ ಸಮುದ್ರ ದಾಟಿ ಸಮೋವಾ, ಹವಾಯಿ, ನ್ಯೂಜಿಲೆಂಡಿನಂಥ ದ್ವೀಪಗಳಲ್ಲಿ ನೆಲೆಸಿದ ಪಾಲಿನೇಷ್ಯಾದ ಜನರಿಗೆ ಮಡಕೆ ಮಾಡಲು ಬರುತ್ತಿರಲಿಲ್ಲ, ಕೊನೆವರೆಗೂ ಕಲ್ಲಿನ ಉಪಕರಣಗಳಲ್ಲೇ ಇದ್ದರು ಅಂತ ಓದಿದೆ, ಹಾಗಾದರೆ ಅವರು ಹಿಂದುಳಿದವರಾ?

ಇಲ್ಲ. ಅವರಿಗೆ ಮಡಕೆ ಮಾಡಲು ಚೆನ್ನಾಗಿಯೇ ಬರುತ್ತಿತ್ತು. ಬಂದರೂ ಬಿಟ್ಟರು. ಪುರಾತತ್ವದಲ್ಲಿ ನನ್ನನ್ನು ತುಂಬಾ ಹಿಡಿದಿಟ್ಟ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇವರ ಪೂರ್ವಿಕರನ್ನು ಲಪಿತಾ ಜನ ಅನ್ನುತ್ತಾರೆ. ನ್ಯೂ ಕ್ಯಾಲಿಡೋನಿಯಾದಲ್ಲಿ 1952ರಲ್ಲಿ ಎಡ್ವರ್ಡ್ ಗಿಫರ್ಡ್ ಮತ್ತು ರಿಚರ್ಡ್ ಶಟ್ಲರ್ ಅಗೆದ ಜಾಗದ ಹೆಸರು ಅದು. ಸುಮಾರು 3,300 ವರ್ಷಗಳ ಹಿಂದೆ ನ್ಯೂ ಗಿನಿಯ ಪಕ್ಕದ ಬಿಸ್ಮಾರ್ಕ್ ದ್ವೀಪಗಳಲ್ಲಿ ಇವರ ಮಡಕೆಗಳು ಮೊದಲು ಕಾಣುತ್ತವೆ. 2,850 ವರ್ಷಗಳ ಹಿಂದಿನ ಹೊತ್ತಿಗೆ ಟೊಂಗಾ ಮುಟ್ಟಿದ್ದರು. ಸಮೋವಾದಲ್ಲೂ ಇದ್ದರು. ಅಲ್ಲಿನ ಮುಲಿಫನುವಾದಲ್ಲಿ 1973ರಲ್ಲಿ ದೋಣಿ ನಿಲ್ಲುವ ಜಾಗಕ್ಕೆ ಹೂಳೆತ್ತುವಾಗ ಸಮುದ್ರದ ತಳದಿಂದ ಲಪಿತಾ ಬೋಕಿ ಚೂರುಗಳು ಮೇಲೆ ಬಂದವು. ದ್ವೀಪವೇ ನಿಧಾನಕ್ಕೆ ಕುಸಿದು ಆ ಊರು ನೀರಿನಡಿ ಹೋಗಿತ್ತು.

ಆ ಮಡಕೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ತಿಗರಿ ಇಲ್ಲ, ಎಲ್ಲ ಕೈಯಲ್ಲೇ. ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆ ತೆಳ್ಳಗೆ ಮಾಡುತ್ತಿದ್ದರು. ನಮ್ಮ ಕುಂಬಾರರೂ ಮಡಕೆಯ ತಳವನ್ನು ಹೀಗೇ ತಟ್ಟುತ್ತಾರೆ. ಆಮೇಲೆ ಹಸಿ ಮಣ್ಣಿನ ಮೇಲೆ ಹಲ್ಲುಹಲ್ಲಾಗಿರುವ ಪುಟ್ಟ ಅಚ್ಚನ್ನು ಸಾಲಾಗಿ ಒತ್ತುತ್ತಾ ಹೋಗುವುದು. ಚುಕ್ಕೆಗಳ ಗೆರೆ, ಗೆರೆಗಳಿಂದ ಬಳ್ಳಿ, ಕೆಲವು ಕಡೆ ಕಣ್ಣು ಮೂಗು ಇರುವ ಮುಖ. ಆ ತಗ್ಗುಗಳಿಗೆ ಸುಣ್ಣ ತುಂಬುತ್ತಿದ್ದರು, ಕೆಂಪು ಮಡಕೆಯ ಮೇಲೆ ಬಿಳಿ ಚಿತ್ತಾರ ಎದ್ದು ಕಾಣಲಿ ಅಂತ. ಆವಿಗೆ ಇರಲಿಲ್ಲ, ಬಯಲಲ್ಲೇ ಸೌದೆ ಒಟ್ಟಿ ಸುಡುತ್ತಿದ್ದರು. ಮಣ್ಣಿಗೆ ಚಿಪ್ಪು, ಹವಳದ ಮರಳು ಬೆರೆಸಿದ್ದರೆ ಬೆಂಕಿ ಜಾಸ್ತಿ ಆಗುವ ಹಾಗಿಲ್ಲ. ಜಾಸ್ತಿಯಾದರೆ ಆ ಮರಳು ಸುಣ್ಣವಾಗಿಬಿಡುತ್ತದೆ, ಆಮೇಲೆ ತೇವ ಹೀರಿ ಉಬ್ಬಿ ಮಡಕೆಯ ಮೈ ಬಿರಿಯುತ್ತದೆ. ಇಷ್ಟೆಲ್ಲ ಸೂಕ್ಷ್ಮ ಗೊತ್ತಿದ್ದವರನ್ನು ಮಡಕೆ ಅರಿಯದವರು ಅನ್ನೋದು ತಪ್ಪು ಅಲ್ವಾ?

ಆಮೇಲೆ ಟೊಂಗಾ, ಸಮೋವಾಗಳಲ್ಲಿ ಚಿತ್ತಾರ ಹೋಯಿತು. ಸಾದಾ ಬಟ್ಟಲುಗಳು ಉಳಿದವು. ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಲ್ಲಿ ಅವೂ ಹೆಚ್ಚುಕಡಿಮೆ ನಿಂತುಹೋದವು. ಪೂರ್ವದ ಮಾರ್ಕೇಸಸ್ ದ್ವೀಪಗಳಲ್ಲಿ ಬೆರಳೆಣಿಕೆಯ ಚೂರುಗಳು ಸಿಕ್ಕಿವೆ. ಭೂವಿಜ್ಞಾನಿ ವಿಲಿಯಂ ಡಿಕಿನ್ಸನ್ ಅವುಗಳೊಳಗಿನ ಮರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವು ಚೂರುಗಳ ಮರಳು ಫಿಜಿಯದ್ದು! ಅಂದರೆ ಆ ಮಡಕೆಗಳು ದೋಣಿಯಲ್ಲಿ ಬಂದವು.

ಯಾಕೆ ಬಿಟ್ಟರು? ಜೇಡಿಮಣ್ಣು ಸಿಗಲಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಬರೀ ಹವಳದ ದ್ವೀಪಕ್ಕೆ ಆ ಮಾತು ಸರಿ. ಸಮೋವಾದಲ್ಲಿ ಮಣ್ಣಿತ್ತಲ್ಲ? ನ್ಯೂಜಿಲೆಂಡಿನಲ್ಲಂತೂ ಧಾರಾಳವಾಗಿದೆ, ಆದರೂ 13ನೇ ಶತಮಾನದಲ್ಲಿ ಅಲ್ಲಿಗೆ ಹೋದವರು ಒಂದು ಮಡಕೆಯನ್ನೂ ಮಾಡಲಿಲ್ಲ. ನನಗೆ ಒಪ್ಪಿಗೆಯಾಗುವುದು ಅಡುಗೆಯ ಕಾರಣ. ಇವರ ಊಟ ಕೆಸುವಿನ ಗೆಡ್ಡೆ, ದೀವಿಹಲಸು, ಮೀನು. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲು ಹಾಕಿ, ಎಲೆಯಲ್ಲಿ ಸುತ್ತಿ ಮುಚ್ಚಿಟ್ಟರೆ ಎಲ್ಲ ಒಟ್ಟಿಗೆ ಬೇಯುತ್ತದೆ. ಸಮೋವಾದಲ್ಲಿ ಈ ಒಲೆಗೆ ಉಮು ಅಂತಾರೆ. ಬಡಿಸಲು ಮರದ ಬಟ್ಟಲು, ನೀರಿಗೆ ತೆಂಗಿನ ಚಿಪ್ಪು, ಸೋರೆ ಬುರುಡೆ. ಅಕ್ಕಿ, ಬೇಳೆ ಕುದಿಸುವ ನಮಗೆ ಪಾತ್ರೆಯಿಲ್ಲದೆ ಅಡುಗೆಮನೆ ಊಹಿಸೋಕೆ ಆಗಲ್ಲ. ಅವರಿಗೆ ಅದು ಬೇಕಾಗಲಿಲ್ಲ. ಚಿತ್ತಾರದ ಮಡಕೆಗಳಿಗೆ ಹಬ್ಬ, ಸಾವಿನ ಕಾರ್ಯಗಳಲ್ಲಿದ್ದ ಜಾಗವೂ ಕಳೆದಮೇಲೆ ಮಾಡುವುದಕ್ಕೆ ಕಾರಣ ಉಳಿಯಲಿಲ್ಲ.

ಲೋಹದ ಮಾತು ಬೇಗ ಮುಗಿಯುತ್ತದೆ. ಲಾವಾ ಮತ್ತು ಹವಳದಿಂದಾದ ಆ ದ್ವೀಪಗಳಲ್ಲಿ ಕರಗಿಸಲು ತಾಮ್ರ, ತವರದ ಅದಿರೇ ಇಲ್ಲ.

ಕಲ್ಲಿಗೆ ಬರೋಣ. ಇವರ ಮುಖ್ಯ ಉಪಕರಣ ಬಾಚಿ. ದೋಣಿ ಕೆತ್ತಲು, ಮನೆ ಕಟ್ಟಲು, ಕಾಡು ಕಡಿಯಲು ಎಲ್ಲಕ್ಕೂ ಅದೇ. ನುಣುಪಾದ ಬಸಾಲ್ಟ್ (ಲಾವಾ ತಣಿದು ಆಗುವ ಕಪ್ಪು ಕಲ್ಲು) ಆರಿಸಿ, ಸುತ್ತಿಗೆಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸುತ್ತಾ ಆಕಾರ ತರುತ್ತಿದ್ದರು. ಒಂದು ಪೆಟ್ಟು ತಪ್ಪಿದರೆ ಕಲ್ಲು ಎರಡಾಗುತ್ತದೆ. ಗಣಿಗಳಲ್ಲಿ ಈಗಲೂ ಹಾಗೆ ಮುರಿದು ಬಿಟ್ಟ ಬಾಚಿಗಳ ರಾಶಿ ಇದೆ. ಉಳಿದವನ್ನು ಮರಳು, ನೀರು ಹಾಕಿ ಇನ್ನೊಂದು ಕಲ್ಲಿನ ಮೇಲೆ ತೇದು ಅಲಗು ತೆಗೆದು, ಮೊಣಕಾಲಿನ ಹಾಗೆ ಬಾಗಿದ ಮರದ ಹಿಡಿಗೆ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯುತ್ತಿದ್ದರು.

ಹವಾಯಿಯ ಮೌನಾ ಕೇಆ ಪರ್ವತದಲ್ಲಿ 3,500 ಮೀಟರಿಗೂ ಮೇಲೆ ಇಂಥ ಗಣಿ ಇದೆ. ಹಿಂದೆ ಅಲ್ಲಿ ಲಾವಾ ಹಿಮಕ್ಕೆ ತಾಗಿ ಥಟ್ಟನೆ ತಣಿದದ್ದರಿಂದ ಕಲ್ಲು ತುಂಬಾ ಬಿಗಿ. ಒಳ್ಳೇ ಕಲ್ಲಿಗಾಗಿ ಆ ಚಳಿಗೆ ಹತ್ತುತ್ತಿದ್ದರು, ಗುಹೆಗಳಲ್ಲಿ ತಂಗುತ್ತಿದ್ದರು, ಅಲ್ಲೇ ಕಲ್ಲು ನೆಟ್ಟು ಪೂಜೆಯ ಜಾಗ ಮಾಡಿಕೊಂಡಿದ್ದರು.

ಒಂದೊಂದು ಗಣಿಯ ಬಸಾಲ್ಟಿನ ರಾಸಾಯನಿಕ ಗುರುತು ಬೇರೆ ಬೇರೆ. ಎಕ್ಸ್-ರೇ ವಿಧಾನದಿಂದ ಬಾಚಿಯ ಊರು ಹುಡುಕಬಹುದು. ಸಮೋವಾದ ಟುಟುಯಿಲಾ ದ್ವೀಪದ ಕಲ್ಲು ಕುಕ್ ದ್ವೀಪಗಳವರೆಗೆ ಹೋಗಿದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 2007ರಲ್ಲಿ ಕೆನೆತ್ ಕೊಲರ್ಸನ್ ಮತ್ತು ಮಾರ್ಷಲ್ ವೈಸ್ಲರ್ ಪ್ರಕಟಿಸಿದ ಕೆಲಸ. ಅವರು ಪರೀಕ್ಷಿಸಿದ್ದು ಟುವಾಮೋಟು ದ್ವೀಪಗಳಲ್ಲಿ ಸಿಕ್ಕ ಬಾಚಿಗಳನ್ನು. ಅಲ್ಲಿರೋದು ಬರೀ ಹವಳ. ಬಾಚಿಗೆ ಆಗುವ ಕಲ್ಲು ಅಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದಲೇ ಬರಬೇಕು. ಅದರಲ್ಲಿ ಒಂದರ ಕಲ್ಲು ಹವಾಯಿಯ ಕಹೊಒಲವೆ ದ್ವೀಪದ್ದಕ್ಕೆ ಹೊಂದಿತು. ನಡುವೆ 4,000 ಕಿಲೋಮೀಟರ್ ಸಮುದ್ರ.