ವಿರಾಟನ ಕುರ್ಚಿಯಲ್ಲಿ ಕೂತವರು

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ನೆಂಟರ ಊರಿನ ಜಾತ್ರೆಯಲ್ಲಿ ಕೀಚಕವಧೆ ನೋಡಿ ಬಂದು ನೊಂದಿದ್ದಾರೆ. ‘ಕೀಚಕನನ್ನು ಬರೀ ಕುಡುಕ, ಹೆಣ್ಣುಬಾಕ ಮಾಡಿಬಿಟ್ಟಿದ್ದರು. ಅವನು ಮತ್ಸ್ಯದೇಶದ ಸೇನಾಪತಿ ಸ್ವಾಮಿ! ರಾಜ್ಯ ಕಾಯುವವನಿಗೆ ಒಂದಿಷ್ಟು ಸೊಕ್ಕಿದ್ದರೆ ತಪ್ಪೇನು?’ ಎನ್ನುವುದು ಅವರ ಪ್ರಶ್ನೆ.

ಕೀಚಕ ಶೂರ, ಒಪ್ಪಿದೆ. ತ್ರಿಗರ್ತರ ದೊರೆ ಸುಶರ್ಮ ಅವನ ಕೈಯಲ್ಲಿ ಮತ್ತೆ ಮತ್ತೆ ಏಟು ತಿಂದವನು. ಕೀಚಕ ಸತ್ತ ಸುದ್ದಿ ಸಿಕ್ಕಿದ್ದೇ ತಡ, ಮತ್ಸ್ಯದ ದೊರೆ ವಿರಾಟನ ದನ ಹೊಡೆದುಕೊಂಡು ಹೋಗಲು ಬಂದ. ನಿಮ್ಮ ಪಾಲಿಗೆ ನನ್ನಿಂದ ಇಷ್ಟೇ.

ಆದರೆ ನಾಲ್ಕು ಪುಟದಲ್ಲಿ ವಿರಾಟನ ಹೆಸರು ಒಮ್ಮೆಯೂ ಇಲ್ಲವಲ್ಲ! ಕೀಚಕನ ಮನೆಗೆ ಹೋಗಿ ಮದ್ಯ ತಾ ಎಂದು ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯನ್ನು ಕಳಿಸಿದವಳು ಅವನ ಒಡಹುಟ್ಟಿದ ಸುದೇಷ್ಣೆ, ಪಟ್ಟದರಾಣಿ. ಅಲ್ಲಿಂದ ತಪ್ಪಿಸಿಕೊಂಡು ಆ ಹೆಂಗಸು ರಾಜಸಭೆಗೇ ಓಡಿಬಂದಳು. ಬೆನ್ನಟ್ಟಿ ಬಂದವನು ತುಂಬಿದ ಸಭೆಯಲ್ಲಿ ಅವಳ ಮುಡಿ ಹಿಡಿದು ಒದ್ದ. ದೊರೆ ಬಾಯಿ ಬಿಟ್ಟನೇ? ಗಂಡ ಧರ್ಮರಾಯನೇ ಕಂಕಭಟ್ಟನ ವೇಷದಲ್ಲಿ ಕೂತು ‘ಒಳಗೆ ಹೋಗು’ ಅಂದ. ಅಡುಗೆಮನೆಯಲ್ಲಿ ವಲಲನಾಗಿದ್ದ ಭೀಮನೊಬ್ಬನಿಗೆ ಮೈ ಉರಿಯಿತು, ಪುಣ್ಯ. ಇನ್ನೂ ಸೋಜಿಗ ಆಮೇಲಿನದು. ಕೀಚಕನೂ ಅವನ ನೂರೈದು ಮಂದಿ ಒಡಹುಟ್ಟಿದ ಉಪಕೀಚಕರೂ ಸತ್ತ ಮೇಲೆ ವಿರಾಟ ಹೆದರಿ ಹೇಳಿಸಿದ್ದು ಸೈರಂಧ್ರಿಗೆ: ಊರು ಬಿಟ್ಟು ಹೋಗಮ್ಮ! ಅವಳು ಇನ್ನು ಹದಿಮೂರು ದಿನ ತಾಳಿ ಎಂದು ಬೇಡಬೇಕಾಯಿತು. ಸೇನಾಪತಿಯ ಸೊಕ್ಕು ಅವನ ಮೀಸೆಯಲ್ಲಿ ಹುಟ್ಟಿದ್ದಲ್ಲ ಮಾರಾಯರೆ, ಆ ಸಭೆಯ ಬಾಯಲ್ಲಿ ಹುಟ್ಟಿದ್ದು. ಇದನ್ನು ನಾನು ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ, ಆದರೂ ಬಿಡಲಾರೆ.

ಪುರಾಣದ ಮಾತೇ ಬೇಡ ಅನ್ನುತ್ತೀರಾ? ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೇ ದಳವಾಯಿ, ಅಂದರೆ ಸೇನಾಪತಿ, ಮುದ್ದಣ್ಣನ ಕೈ ಮೇಲಾಗಿ, 1689ರಲ್ಲಿ ಭರಮಣ್ಣ ನಾಯಕರು ಪಟ್ಟಕ್ಕೆ ಬರುವ ತನಕ ಗದ್ದುಗೆಗೆ ನೆಲೆಯಿರಲಿಲ್ಲ. ಮೈಸೂರಿನಲ್ಲಿ 1734ರಲ್ಲಿ ದಳವಾಯಿ ದೇವರಾಜಯ್ಯನ ಕಡೆಯವರು ದೊರೆ ಚಾಮರಾಜ ಒಡೆಯರನ್ನೇ ಇಳಿಸಿ ಕಬ್ಬಾಳದುರ್ಗಕ್ಕೆ ಅಟ್ಟಿದರು. ದೊರೆ ಅಲ್ಲೇ ತೀರಿಕೊಂಡರು. ಸಿಂಹಾಸನಕ್ಕೆ ಒಬ್ಬ ಬಾಲಕನನ್ನು ತಂದು ಕೂರಿಸಲಾಯಿತು. ಆಸ್ಥಾನದಲ್ಲಿ ಪಂಡಿತರಿಗೇನು ಬರವಿತ್ತೇ? ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

ಚಿಕ್ಕವನಿದ್ದಾಗ ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ನಾನೂ ಈ ನಾಟಕ ನೋಡಿದ್ದೇನೆ. ದುಡ್ಡು ಕೊಟ್ಟು ಪಾತ್ರ ತಗೊಳ್ಳುವ ಪದ್ಧತಿ ನಿಮಗೆ ಗೊತ್ತೇ ಇದೆ. ಕೀಚಕನಿಗೆ ಪೈಪೋಟಿಯೋ ಪೈಪೋಟಿ. ವಿರಾಟನ ಪಾತ್ರ ಯಾರಿಗೂ ಬೇಡ. ಕೊನೆಗೆ ಸೀನರಿಗೆ ಚಂದಾ ಕೊಟ್ಟ ಹಿರಿಯರೊಬ್ಬರಿಗೆ ಮರ್ಯಾದೆಗೆಂದು ಕಟ್ಟಿದರು. ಕೀಚಕ ಸೈರಂಧ್ರಿಯ ಜುಟ್ಟಿಗೆ ಕೈ ಹಾಕುವ ಹೊತ್ತಿಗೆ ಆತ ಕಿರೀಟ ವಾಲಿಸಿಕೊಂಡು ನಿಜಕ್ಕೂ ಗೊರಕೆ ಹೊಡೆಯುತ್ತಿದ್ದರು. ಜನ ನಕ್ಕಿದ್ದೇ ನಕ್ಕಿದ್ದು. ಅದಕ್ಕಿಂತ ಒಳ್ಳೆಯ ವಿರಾಟನನ್ನು ನಾನು ಆಮೇಲೆ ಯಾವ ಕಂಪನಿಯಲ್ಲೂ ಕಾಣಲಿಲ್ಲ.

ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವ ಬಯಲುಸೀಮೆ ನಮ್ಮದು. ಓದಿಸುತ್ತೇವೆ, ಕೇಳುವುದಿಲ್ಲ. ಕೇಳಿದ್ದರೆ ಸೊಸೈಟಿಯ ಸಭೆಯಲ್ಲಿ ಅಧ್ಯಕ್ಷ ಗುಮಾಸ್ತೆಯನ್ನು ಏಕವಚನದಲ್ಲಿ ಗದರಿದಾಗ ಸದಸ್ಯರೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಚಾವಣಿ ನೋಡುತ್ತಿರಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದು. ಮಂಡಕ್ಕಿ ತಟ್ಟೆ ನನ್ನ ಮುಂದೆಯೂ ಇತ್ತು.

ಬೇಸರಿಸಬೇಡಿ. ನಾಟಕ ನೋಡಿ ನಾಲ್ಕು ಪುಟ ಬರೆಯುವ ಓದುಗರು ಈಗ ಎಷ್ಟು ಜನ ಉಳಿದಿದ್ದಾರೆ? ಮುಂದಿನ ಜಾತ್ರೆಗೆ ನನ್ನನ್ನೂ ಕರೆಯಿರಿ, ಬೆಣ್ಣೆದೋಸೆಯ ಖರ್ಚು ನನ್ನದು. ವಿರಾಟನ ಪಾತ್ರ ಯಾರಿಗೆ ಕಟ್ಟಿದ್ದಾರೆಂದು ಮಾತ್ರ ಮೊದಲೇ ತಿಳಿಸಿ.

— ಸಂ.